ದೋಣಿಯ ಹೊದಿಕೆ: ಐದನೇ ಸಲಕ್ಕೆ ಕೈಹಿಡಿಯಿತು

ಈ ಸಲ ನೂಲು ಹುಣ್ಣಿಮೆಯ ಸಮುದ್ರ ಪೂಜೆ ಮುಗಿಸಿ ಬಂದು ದೋಣಿಯ ಹೊದಿಕೆ ಬಿಚ್ಚಿದೆ. ಅಡಿ ಹಲಗೆ ಮುಟ್ಟಿದರೆ ಒಣ. ಇಂಜಿನ್ ಕೂರಿಸುವ ಹಿಂದಿನ ಹಲಗೆಗೆ ಸುತ್ತಿಗೆಯಿಂದ ಮೆಲ್ಲಗೆ ಬಡಿದೆ. ಟಕ್ ಟಕ್ ಅಂತ ಗಟ್ಟಿ ಶಬ್ದ. ಒಂದೇ ಹೊದಿಕೆಯಲ್ಲಿ ಇದು ನಾಲ್ಕನೇ ಮಳೆಗಾಲ. ನಮ್ಮ ಕುಂದಾಪುರ ಕಡೆಯ ಕಡಲ ದಂಡೆಯಲ್ಲಿ ಇಷ್ಟು ವರ್ಷ ಬಾಳಿದ ಹೊದಿಕೆ ಇನ್ನೊಂದನ್ನು ನಾನು ನೋಡಿಲ್ಲ.

2022ರಲ್ಲಿ ಇದನ್ನು ಕಟ್ಟುವಾಗ ಯಾರೂ ಒಪ್ಪಿರಲಿಲ್ಲ. "ಎಂತ ಮಾರಾಯಾ, ದೋಣಿಗ್ ಮದಿ (ಮದುವೆ) ಚಪ್ಪರ ಹಾಕ್ತಿದ್ಯಾ?" ಅಂತ ಪಕ್ಕದ ದೋಣಿಯವರು ಕೇಳಿದರು. "ಮಡ್ಲ್ ಸಾಕಿತ್ತ್, ದುಡ್ಡ್ ದಂಡ" ಅಂದರು ದೊಡ್ಡಪ್ಪ. ಮಡ್ಲ್ ಅಂದರೆ ನೇಯ್ದ ತೆಂಗಿನ ಗರಿ. ಮನೆಯಲ್ಲೂ ಬೇಸರವಿತ್ತು. ಅದಕ್ಕೂ ಮುಂಚೆ ನಾಲ್ಕು ಸಲ ದುಡ್ಡು ಹಾಕಿ ಸೋತಿದ್ದೆನಲ್ಲ.

ನನ್ನದು 28 ಅಡಿಯ ಫೈಬರ್ ದೋಣಿ. ಹೊಟ್ಟೆಯ ಹತ್ತಿರ ಆರೂವರೆ ಅಡಿ ಅಗಲ. ದೊಡ್ಡ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ. 10 ಅಶ್ವಶಕ್ತಿಯೊಳಗಿನ ಇಂಜಿನ್ನಿನ ನಾಡದೋಣಿಗೆ ಆ ನಿಷೇಧ ಇಲ್ಲ. ಆದರೆ ನಾನು ಬಂದರಿನಲ್ಲಿ ಇಡುವವನಲ್ಲ. ತೆರೆದ ದಂಡೆಯಿಂದ ಆ ಅಬ್ಬರದಲ್ಲಿ ದೋಣಿ ಇಳಿಸಲು ನನಗೆ ಆಗುವುದಿಲ್ಲ. ಹಾಗಾಗಿ ಮೇಯಲ್ಲಿ ಮೇಲೆಳೆದರೆ ಸಮುದ್ರ ಪೂಜೆಯ ತನಕ ಗಾಳಿ ಮರದ ಬುಡದಲ್ಲೇ ಇರುತ್ತದೆ.

ಮೊದಲನೇ ಸಲ, 2017 ಇರಬೇಕು, ನೀಲಿ ಟರ್ಪಾಲು ತಂದೆ. 1,800 ರೂಪಾಯಿ. ದೋಣಿಯ ಮೇಲೆ ಚಪ್ಪಟೆಯಾಗಿ ಎಳೆದು ಕಟ್ಟಿದೆ. ಎರಡೇ ಮಳೆಗೆ ನಡುವೆ ಕೆರೆ ಆಯಿತು. ಆ ಭಾರಕ್ಕೆ ಅಡ್ಡ ಹಲಗೆಯೊಂದು ಬಿರುಕು ಬಿಟ್ಟಿತು. ಜುಲೈ ನಡುವಿಗೆ ಹಿತ್ತಾಳೆ ಕಣ್ಣುಗಳೆಲ್ಲ ಕಿತ್ತು ಟರ್ಪಾಲು ಪಟಪಟ ಬಡಿದುಕೊಳ್ಳುತ್ತಿತ್ತು. ಅದರಡಿ ಸೇರಿದ ಹೊಯ್ಗೆ (ಮರಳು) ಉಜ್ಜಿ ಉಜ್ಜಿ ಅಂಚಿನ ಹೊಳಪನ್ನೆಲ್ಲ ತಿಂದು ಹಾಕಿತ್ತು.

ಎರಡನೇ ಸಲದ ತಪ್ಪು ಈಗಲೂ ಹೊಟ್ಟೆ ಉರಿಸುತ್ತದೆ. 200 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 200 ಗ್ರಾಂ ತೂಗುವಷ್ಟು ದಪ್ಪದ್ದು ಅಂತ ಹೇಳಿ 18ಕ್ಕೆ 30 ಅಡಿಯ ಪ್ಲಾಸ್ಟಿಕ್ ಟರ್ಪಾಲು ಕೊಟ್ಟರು. ಮೂರು ಸಾವಿರ ಚಿಲ್ಲರೆ. ಗಾಳಿಗೆ ಎದ್ದೇಳಬಾರದು ಅಂತ ದೋಣಿಯ ಅಡಿಯ ತನಕ ಸುತ್ತಿ, ಹಗ್ಗ ಬಿಗಿದು, ಮೂಟೆ ಕಟ್ಟಿದ ಹಾಗೆ ಕಟ್ಟಿದೆ. ಹರಿಯಲಿಲ್ಲ, ಹಾರಲಿಲ್ಲ. ಎರಡೂವರೆ ತಿಂಗಳು ನೆಮ್ಮದಿಯಾಗಿದ್ದೆ. ಆಗಸ್ಟಿನಲ್ಲಿ ಬಿಚ್ಚಿದಾಗ ಮೂಗಿಗೆ ಬಡಿದದ್ದು ಬೂಸ್ಟಿನ ವಾಸನೆ. ಒಳಗೆಲ್ಲ ಬೆವರು ಇಳಿದು ನೀರು ನಿಂತಿತ್ತು. ಮಳೆ ನೀರಲ್ಲ ಅದು, ಒಳಗಿನ ತೇವವೇ ಟರ್ಪಾಲಿಗೆ ತಾಗಿ ಹನಿಯಾಗಿ ಬಿದ್ದದ್ದು. ಇಂಜಿನ್ ಹಲಗೆಗೆ ಬಡಿದರೆ ದಬ್ ದಬ್. ಬೋಲ್ಟಿನ ತೂತಿನಿಂದ ತೇವ ಒಳಗಿನ ಪ್ಲೈವುಡ್‌ಗೆ ಇಳಿದು ಅದು ನೆನೆದ ರೊಟ್ಟಿಯ ಹಾಗೆ ಆಗಿತ್ತು. ಉಪ್ಪು ನೀರಿಗಿಂತ ಸಿಹಿ ನೀರು ಮರವನ್ನು ಬೇಗ ಕೊಳೆಸುತ್ತದೆ, ನಿಮಗೆ ಗೊತ್ತಿರುವುದೇ. ಹಲಗೆ ಕೊರೆದು ತೆಗೆದು ಹೊಸ ಪ್ಲೈ, ಫೈಬರ್, ಕೂಲಿ ಎಲ್ಲ ಸೇರಿ 22,000 ಆಯಿತು. ಒಳಗಿಟ್ಟಿದ್ದ ಎರಡು ಕಟ್ಟು ಬಲೆಯಲ್ಲಿ ಇಲಿ ಮರಿ ಹಾಕಿತ್ತು. ಅದು ಇನ್ನೊಂದು ಒಂಬತ್ತು ಸಾವಿರ. ಋತುವಿನ ಮೊದಲ ಹದಿನೈದು ದಿನದ ಮೀನು ಕೈತಪ್ಪಿದ್ದು ಬೇರೆ.

ಆಮೇಲೆ ಆ ಟರ್ಪಾಲನ್ನು ತಕ್ಕಡಿಗೆ ಹಾಕಿದೆ. 18ಕ್ಕೆ 30 ಅಂದರೆ ಹೆಚ್ಚುಕಡಿಮೆ 50 ಚದರ ಮೀಟರ್. 200 ಜಿಎಸ್‌ಎಂ ಆಗಿದ್ದರೆ 10 ಕಿಲೋ ತೂಗಬೇಕು. ತೂಗಿದ್ದು ಏಳೂವರೆ. ಅಂದಿನಿಂದ ನಾನು ಅಂಗಡಿಯಲ್ಲೇ ತೂಕ ಹಾಕಿಸುತ್ತೇನೆ. ಚೀಟಿಯಲ್ಲಿ ಬರೆದ ಸಂಖ್ಯೆಯನ್ನು ನಂಬುವುದಿಲ್ಲ.

ಮೂರನೆಯದು ಚುನಾವಣೆಯ ಹಳೇ ಫ್ಲೆಕ್ಸ್. 600 ರೂಪಾಯಿಗೆ ಸಿಕ್ಕಿತು. ಹೆಚ್ಚು ಬರೆಯುವ ಹಾಗಿಲ್ಲ. ಮಡಿಕೆಯಲ್ಲೆಲ್ಲ ಸೀಳಿತು. ನಾಲ್ಕನೆಯದು ಲಾರಿಯ ಹಳೇ ಕ್ಯಾನ್ವಾಸ್, 4,000. ಇದು ಉಸಿರಾಡುತ್ತದೆ, ಒಳಗೆ ಬೆವರಲಿಲ್ಲ. ಆದರೆ ಒದ್ದೆಯಾದರೆ ನಾಲ್ಕು ಜನ ಬೇಕು ಎತ್ತಲು. 2021ರ ಮೇಯಲ್ಲಿ ತೌಕ್ತೆ ಚಂಡಮಾರುತ ಬಂದಾಗ ರಾತ್ರೋರಾತ್ರಿ ದೋಣಿಯನ್ನು ಇನ್ನೂ ಮೇಲಕ್ಕೆ ಸಾಗಿಸಬೇಕಿತ್ತು. ಆ ಕ್ಯಾನ್ವಾಸ್ ಬಿಚ್ಚಲಿಕ್ಕೇ ಮುಕ್ಕಾಲು ಗಂಟೆ ಹಿಡಿಯಿತು. ತೆರೆ ಬಂದು ಹತ್ತಿರದಲ್ಲೇ ಬಡಿಯುತ್ತಿತ್ತು. ಆ ರಾತ್ರಿಯೇ ಅದನ್ನು ಬಿಡುವುದು ಅಂತ ತೀರ್ಮಾನ ಮಾಡಿದೆ.

ಅದೇ ವರ್ಷ ದೀಪಾವಳಿಗೆ ಒಂದು ಕೆಲಸ ಮಾಡಿದೆ. ಐದು ತರದ ಬಟ್ಟೆಯ ತುಂಡು, ಒಂದೊಂದು ಗೇಣು, ಮನೆಯ ತಾರಸಿಯಲ್ಲಿ ಹಲಗೆಗೆ ಹೊಡೆದು ಬಿಸಿಲಿಗೆ ಬಿಟ್ಟೆ. ಮೇ ತಿಂಗಳಲ್ಲಿ ತೆಗೆದು ಕೈಯಿಂದ ಹರಿದು ನೋಡಿದೆ. ನೀಲಿ ಟರ್ಪಾಲು ಹಪ್ಪಳದಂತೆ ಪುಡಿಯಾಯಿತು. ಫ್ಲೆಕ್ಸ್ ಸೀಳಿತು. ದಪ್ಪ ಪ್ಲಾಸ್ಟಿಕ್ ಪರವಾಗಿಲ್ಲ, ಮಡಿಕೆಯ ಗೆರೆಯಲ್ಲಿ ಮಾತ್ರ ಸೋತಿತ್ತು. ಕ್ಯಾನ್ವಾಸ್ ಗಟ್ಟಿ ಇತ್ತು. ಪಿವಿಸಿ ಲೇಪದ ಲಾರಿ ಟರ್ಪಾಲು ಬಣ್ಣ ಮಾಸಿದ್ದು ಬಿಟ್ಟರೆ ಹೊಸದರ ಹಾಗೇ ಇತ್ತು. ನಮ್ಮನ್ನು ಹಾಳು ಮಾಡುವುದು ಮಳೆ ಅಂತ ಎಲ್ಲರೂ ತಿಳಿದಿದ್ದಾರೆ. ಟರ್ಪಾಲಿನ ಜೀವ ತೆಗೆಯುವುದು ಬಿಸಿಲು.

ಬಟ್ಟೆ ಸಿಕ್ಕಿತು. ಕಟ್ಟುವ ಬಗೆ ಸಿಕ್ಕಿದ್ದು ದೊಡ್ಡಪ್ಪನ ಮಾತಿನಿಂದಲೇ. ಅವರ ಕಾಲದಲ್ಲಿ ನೇಯ್ದ ತೆಂಗಿನ ಮಡಲು ಹೊದಿಸಿದ ಮರದ ದೋಣಿ ಯಾಕೆ ಕೊಳೆಯುತ್ತಿರಲಿಲ್ಲ? ಯೋಚಿಸಿ ನೋಡಿದೆ. ಮಡಲು ಬಿಗಿಯಾಗಿ ಕೂರುವುದಿಲ್ಲ. ಇಳಿಜಾರು ಇರುತ್ತದೆ, ಸಂದಿಯಲ್ಲಿ ಗಾಳಿ ಆಡುತ್ತದೆ. ನಮ್ಮ ಹಂಚಿನ ಮಾಡು ಕೂಡ ಹಾಗೇ ಅಲ್ವಾ? ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಊರಲ್ಲಿ ಯಾರೂ ಚಪ್ಪಟೆ ಮಾಡು ಕಟ್ಟುತ್ತಿರಲಿಲ್ಲ. ಹಾಗಾದರೆ ದೋಣಿಗೆ ಬೇಕಿರುವುದು ಹೊದಿಕೆಯಲ್ಲ, ಮಾಡು.

ಬೂದು ಬಣ್ಣದ ಪಿವಿಸಿ ಬಟ್ಟೆ, 600 ಜಿಎಸ್‌ಎಂ, 14ಕ್ಕೆ 32 ಅಡಿ. ಚದರ ಅಡಿಗೆ ಸುಮಾರು 18 ರೂಪಾಯಿಯ ಲೆಕ್ಕದಲ್ಲಿ ಎಂಟು ಸಾವಿರ. ತೂಕ 25 ಕಿಲೋ, ಇಬ್ಬರು ಸುಲಭವಾಗಿ ಹೊರಬಹುದು. ಕಪ್ಪು, ಕಡುನೀಲಿ ಬೇಡವೇ ಬೇಡ. ಬಿಸಿಲು ಬಿಟ್ಟ ದಿನ ಒಳಗೆ ಕೈ ಇಡಲಾಗುವುದಿಲ್ಲ. ಅಂಚಿಗೆ ಎರಡು ಪದರ ಹೊಲಿಸಿದ್ದಕ್ಕೆ 1,400. ದೋಣಿಯ ಉದ್ದಕ್ಕೆ ಅಡಿಕೆ ದಬ್ಬೆಯ (ಸೀಳಿದ ಅಡಿಕೆ ಮರದ) ತೊಲೆ, ಅಂಚಿನಿಂದ ಎರಡೂವರೆ ಅಡಿ ಎತ್ತರಕ್ಕೆ, ನಾಲ್ಕು ಊರುಗೋಲಿನ ಮೇಲೆ. ಗೋಲಿನ ತುದಿಗೂ ದೋಣಿಯ ಅಂಚಿಗೂ ಹಳೇ ಟ್ಯೂಬು ಸುತ್ತಿದೆ. ಬಟ್ಟೆ ಎರಡೂ ಬದಿಗೆ ಇಳಿದು ದೋಣಿಯ ಮೈಗೆ ತಾಗದೆ ದೂರ ನಿಲ್ಲುತ್ತದೆ. ಹಿಂದೆ ಮುಂದೆ ಎರಡೂ ತುದಿ ತೆರೆದೇ ಇರುತ್ತದೆ. ಜಲ್ಲು (ಮಳೆಯ ಇರಚಲು) ಹೊಡೆಯುವುದಿಲ್ಲವೇ ಅಂತ ಎಲ್ಲರೂ ಕೇಳುತ್ತಾರೆ. ಮುಂದಿನ ತುದಿಯಲ್ಲಿ ಬಟ್ಟೆಯನ್ನು ಒಂದು ಬಗೆಯಾಗಿ ಮಡಚಿದ್ದೇನೆ, ಗಾಳಿ ಹೋಗುತ್ತದೆ, ನೀರು ಹೋಗುವುದಿಲ್ಲ. ಅದನ್ನು ಬರೆಯುವುದಿಲ್ಲ. ದಂಡೆಗೆ ಬಂದವರಿಗೆ ತೋರಿಸುತ್ತೇನೆ. ಇಲಿಗೆ ಏನು ಮಾಡಿದೆ ಎನ್ನುವುದೂ ಅಷ್ಟೇ.

ಹಿತ್ತಾಳೆ ಕಣ್ಣು ನಾನು ಹಾಕಿಸಲೇ ಇಲ್ಲ. ನಿಂಬೆ ಹಣ್ಣಿನ ಗಾತ್ರದ ನುಣುಪು ಕಲ್ಲನ್ನು ಬಟ್ಟೆಯ ಒಳಗಿಟ್ಟು, ಹೊರಗಿನಿಂದ ಕುತ್ತಿಗೆಗೆ ಹಗ್ಗ ಬಿಗಿಯುವುದು. ತೂತಿಲ್ಲ, ಹಾಗಾಗಿ ಹರಿಯಲು ಶುರುವಾಗುವ ಜಾಗವೇ ಇಲ್ಲ. ಹಗ್ಗವನ್ನು ಗೂಟಕ್ಕೆ ಕಟ್ಟದೆ, ಐದು ಲೀಟರಿನ ಕ್ಯಾನಿಗೆ ಹೊಯ್ಗೆ ತುಂಬಿ ತೂಗು ಹಾಕಿದೆ. ಒಂದು ಬದಿಗೆ ಎಂಟು. ಗಾಳಿ ಬಡಿದಾಗ ಬಟ್ಟೆ ಸ್ವಲ್ಪ ಎದ್ದು ಮತ್ತೆ ಕೂರುತ್ತದೆ. ಗೂಟಕ್ಕೆ ಬಿಗಿದಿದ್ದರೆ ಏಳಲು ಜಾಗವಿಲ್ಲದೆ ಹರಿಯುತ್ತಿತ್ತು. ದೋಣಿಯ ಮೂತಿಯನ್ನು ಪಡುಗಾಳಿಗೆ ನೇರ ಇಟ್ಟಿದ್ದೇನೆ, ಒಂದು ಗೇಣು ಎತ್ತರಿಸಿ. ಮೊದಲ ವರ್ಷ ಅಡ್ಡ ಇಟ್ಟು ಜೂನ್ ಎರಡನೇ ವಾರದಲ್ಲೇ ತೊಲೆ ಮುರಿದುಕೊಂಡೆ. ಮಳೆಯಲ್ಲೇ ಎಂಟು ಜನರನ್ನು ಕರೆದು ದೋಣಿ ತಿರುಗಿಸಿದೆ. ಆಮೇಲೆ ಅಲ್ಲಾಡಲಿಲ್ಲ.

ತೊಲೆ, ಹಗ್ಗ, ಕ್ಯಾನು ಎಲ್ಲ ಸೇರಿ ಒಟ್ಟು 12,500 ಆಗಿರಬಹುದು. ನಾಲ್ಕು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಮೂರು ಸಾವಿರ ಚಿಲ್ಲರೆ. ಬಟ್ಟೆ ಇನ್ನೂ ಮೂರು ವರ್ಷ ಬಂದೇ ಬರುತ್ತದೆ. ದಬ್ಬೆ ಮಾತ್ರ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು.

ಒಳಗೆ ತೇವ ಎಷ್ಟಿದೆ ಅಂತ ತಿಳಿಯಲು ಬೆಂಕಿಪೊಟ್ಟಣ ಇಟ್ಟು ನೋಡುತ್ತೇನೆ. ಜುಲೈಯಲ್ಲಿ ಒಂದು ವಾರ ಅಡಿ ಹಲಗೆಯ ಮೇಲಿಟ್ಟು ಹತ್ತು ಕಡ್ಡಿ ಗೀರುವುದು. ಈ ವರ್ಷ ಆರು ಹೊತ್ತಿದವು. ಅದೇ ವಾರ ನಮ್ಮ ಅಡುಗೆಮನೆಯ ಪೊಟ್ಟಣದಲ್ಲಿ ಹೊತ್ತಿದ್ದು ಏಳು.

ಮೊನ್ನೆ ದೊಡ್ಡಪ್ಪ ಬಂದು ತೊಲೆಯ ಕೆಳಗೆ ಕೂತು ಬಲೆ ಹೊಲಿದರು. ಹೋಗುವಾಗ ಅವರ ಮಗನ ದೋಣಿಯ ಅಳತೆ ಹೇಳಿದರು, 24 ಅಡಿ. ಅದಕ್ಕೆ 12ಕ್ಕೆ 28ರ ಬಟ್ಟೆ ಸಾಕು ಅಂತ ಲೆಕ್ಕ ಹಾಕಿಟ್ಟಿದ್ದೇನೆ. ಈ ಸಲ ದಬ್ಬೆಯ ಬದಲು ಕಬ್ಬಿಣದ ಪೈಪು ಹಾಕಿ ನೋಡಬೇಕು ಅಂತಿದೆ. ತುಕ್ಕಿನ ಭಯ ಒಂದಿದೆ. ಅದಕ್ಕೆ ಹಳೇ ಬಲೆಯ ಹಗ್ಗವನ್ನು ಸುತ್ತಿ ಬಟ್ಟೆಗೆ ತಾಗದ ಹಾಗೆ ಮಾಡಬಹುದು.