ಹೇಂಟೆ ಕಾವಿಗೆ ಕೂತಿದೆಯೇ? ಮೊದಲ ಸಲ ಮರಿ ಮಾಡಿಸುವವರಿಗೆ

ಮಳೆ ಬಿಟ್ಟು ಅಂಗಳ ಒಣಗುವ ಹೊತ್ತಿಗೆ ಮನೆಯ ಹೇಂಟೆ ಗೂಡು ಬಿಟ್ಟು ಏಳುವುದಿಲ್ಲ ಅಂತಾದರೆ ಒಂದು ಒಳ್ಳೆಯ ಅವಕಾಶ ಬಂತು ಅಂತಲೇ ಲೆಕ್ಕ. ಪೇಟೆಯಿಂದ ಮರಿ ತರಬೇಕಾಗಿಲ್ಲ. ಕರೆಂಟು ಬೇಡ, ಯಂತ್ರ ಬೇಡ. 21 ದಿನದಲ್ಲಿ ಮರಿಯೂ ಆಗುತ್ತದೆ, ಅವನ್ನು ಸಾಕುವ ತಾಯಿಯೂ ಜೊತೆಗೇ ಸಿಗುತ್ತದೆ. ಕಾಸರಗೋಡಿನ ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ತೋಟದ ಮನೆಗಳಲ್ಲಿ ನಾಲ್ಕಾರು ನಾಟಿ ಕೋಳಿ ಸಾಕಲು ಹೊರಟವರು ಒಂದು ಮಾತು ಮೊದಲೇ ತಿಳಿದುಕೊಂಡರೆ ಒಳ್ಳೆಯದು. ನಮಗೆ ಕೆಲಸ ಇರುವುದು ಹೇಂಟೆಯನ್ನು ಕೂರಿಸುವ ಮೊದಲಿನ ಒಂದು ವಾರದಲ್ಲಿ. ಕೂರಿಸಿದ ಮೇಲೆ ಕೈ ಹಾಕಿದಷ್ಟೂ ಮರಿ ಕಡಿಮೆ.

ನಿಜವಾಗಿ ಕಾವಿಗೆ ಕೂತಿದೆಯಾ?

ಮೊಟ್ಟೆ ಇಡಲು ಕೂತ ಹೇಂಟೆ ಗಂಟೆ ಎರಡು ಗಂಟೆಯಲ್ಲಿ ಕೂಗುತ್ತಾ ಹೊರಗೆ ಬರುತ್ತದೆ. ಕಾವಿಗೆ ಕೂತದ್ದು ರಾತ್ರಿಯೂ ಅಲ್ಲೇ ಇರುತ್ತದೆ. ಹತ್ತಿರ ಹೋದರೆ ಮೈಯ ಗರಿ ಎಲ್ಲ ಎಬ್ಬಿಸುತ್ತದೆ, ಕೈ ಚಾಚಿದರೆ ಕುಕ್ಕುತ್ತದೆ. ಎದ್ದು ಓಡಾಡುವಾಗಲೂ ಗಂಟಲೊಳಗಿಂದ ಕ್ಲೊಕ್ ಕ್ಲೊಕ್ ಅನ್ನುತ್ತಿರುತ್ತದೆ. ಎದೆಯ ಕೆಳಗೆ ಕೈ ತೂರಿಸಿ ನೋಡಿ. ಗರಿ ಉದುರಿ ಬರಿಯ ಚರ್ಮ ಸಿಗುತ್ತದೆ, ಮುಟ್ಟಿದರೆ ಚೆನ್ನಾಗಿ ಬಿಸಿ ಇರುತ್ತದೆ. ಮೊಟ್ಟೆಗೆ ಕಾವು ಸಿಗುವುದು ಅಲ್ಲಿಂದಲೇ.

ಆದರೂ ಅವಸರ ಬೇಡ. ಎರಡು ಮೂರು ದಿನ ಒಂದೆರಡು ಸಾದಾ ಮೊಟ್ಟೆ ಅಡಿಗಿಟ್ಟು ನೋಡಿ. ಬಿಟ್ಟೇಳದೆ ಕೂತರೆ ಮಾತ್ರ ಒಳ್ಳೆಯ ಮೊಟ್ಟೆ ಕೊಡಿ. ಲೆಗ್‌ಹಾರ್ನ್‌ನಂಥ ಮೊಟ್ಟೆ ಕೋಳಿಗಳನ್ನು ನಂಬಿ ಕೂರಬೇಡಿ. ಜಾಸ್ತಿ ಮೊಟ್ಟೆ ಬೇಕು ಅಂತ ತಲೆಮಾರುಗಳಿಂದ ಆರಿಸಿ ಆರಿಸಿ ಅವುಗಳಲ್ಲಿ ಕಾವಿಗೆ ಕೂರುವ ಗುಣವೇ ಹೋಗಿಬಿಟ್ಟಿದೆ. ಈ ಕೆಲಸಕ್ಕೆ ಊರಿನ ನಾಟಿ ಹೇಂಟೆ, ಇಲ್ಲವೇ ಕೇರಳದ್ದೇ ತಳಿಯಾದ ಕಪ್ಪು ಬಣ್ಣದ ತಲಶ್ಶೇರಿ ಕೋಳಿ ಸರಿ.

ಮೊಟ್ಟೆ ಆರಿಸುವುದು

ಅಂಗಡಿಯ ಮೊಟ್ಟೆಯಿಂದ ಮರಿ ಬರುವುದಿಲ್ಲ. ಆ ಫಾರ್ಮುಗಳಲ್ಲಿ ಹುಂಜ ಇರುವುದೇ ಇಲ್ಲ. ಮನೆಯಲ್ಲಿ ಹತ್ತು ಹೇಂಟೆಗೆ ಒಂದು ಹುಂಜ ಇದ್ದರೆ ಸಾಕು. ಇಲ್ಲದಿದ್ದರೆ ಹುಂಜ ಇರುವ ನೆರೆಮನೆಯಿಂದ ಮೊಟ್ಟೆ ಕೇಳಿ ತನ್ನಿ. ಹೇಂಟೆಗೆ ಎಲ್ಲವೂ ಒಂದೇ, ಯಾರ ಮೊಟ್ಟೆಯಾದರೂ ಮರಿ ಮಾಡಿಕೊಡುತ್ತದೆ.

ಮಧ್ಯಮ ಗಾತ್ರದ, ಸೀಳಿಲ್ಲದ, ಆಕಾರ ಸರಿ ಇರುವ ಮೊಟ್ಟೆ ತೆಗೆದಿಡಿ. ತೊಳೆಯಬೇಡಿ. ಮೊಟ್ಟೆಯ ಮೇಲೆ ಹುಟ್ಟುವಾಗಲೇ ಒಂದು ತೆಳು ಪೊರೆ ಇರುತ್ತದೆ, ತೊಳೆದರೆ ಅದು ಹೋಗಿ ಚಿಪ್ಪಿನ ಸಣ್ಣ ತೂತುಗಳಲ್ಲಿ ರೋಗಾಣು ಒಳಗೆ ನುಗ್ಗುತ್ತದೆ. ಹಿಕ್ಕೆ ಮೆತ್ತಿದ ಮೊಟ್ಟೆಯನ್ನು ಆಮ್ಲೆಟ್ಟಿಗೆ ಇಟ್ಟುಕೊಳ್ಳಿ. ಫ್ರಿಜ್‌ನಲ್ಲಿ ಇಟ್ಟದ್ದೂ ಬೇಡ.

ಒಂದು ವಾರಕ್ಕಿಂತ ಹಳೆಯ ಮೊಟ್ಟೆ ಇಡಬೇಡಿ. ನಮ್ಮ ಸೆಕೆಗೆ ಐದು ದಿನದೊಳಗಿನದ್ದಾದರೆ ಇನ್ನೂ ಒಳ್ಳೆಯದು. ಒದ್ದೆ ಹೊಯಿಗೆಯ ಮೇಲೆ ಮಣ್ಣಿನ ಮಡಕೆ ಇಟ್ಟು, ಅದರೊಳಗೆ ಉಮಿ ಹಾಕಿ, ಚೂಪು ತುದಿ ಕೆಳಗೆ ಬರುವಂತೆ ಮೊಟ್ಟೆಗಳನ್ನು ನಿಲ್ಲಿಸಿ. ಒಳಕೋಣೆಯ ತಂಪಿನಲ್ಲಿರಲಿ, ಒಲೆಯ ಹತ್ತಿರ ಬೇಡ.

ಗುಡುಗಿಗೆ ಮೊಟ್ಟೆ ಕೆಡುತ್ತದೆ ಅಂತ ಗೂಡಿನೊಳಗೆ ಕಬ್ಬಿಣದ ಮೊಳೆ ಇಡುವ ಕ್ರಮ ಇದೆಯಲ್ವಾ? ಮೊಳೆಯಿಂದ ತೊಂದರೆ ಏನೂ ಇಲ್ಲ. ಆದರೆ ಗುಡುಗು ಬರುವ ಎಪ್ರಿಲ್, ಮೇ ತಿಂಗಳೇ ಸೆಕೆಯ ತಿಂಗಳು ಕೂಡ. ಕೂಡಿಟ್ಟ ಮೊಟ್ಟೆಯೊಳಗಿನ ಜೀವ ಆ ಸೆಕೆಗೇ ಅರೆಬರೆ ಬೆಳೆಯಲು ಶುರುವಾಗುತ್ತದೆ, ಹೇಂಟೆಯ ಅಡಿಗೆ ಹೋಗುವ ಮೊದಲೇ ಸಾಯುತ್ತದೆ. ಆ ತಿಂಗಳುಗಳಲ್ಲಿ ಮರಿ ಕಡಿಮೆಯಾಗಲು ದೊಡ್ಡ ಕಾರಣ ಇದು. ಜೂನ್‌ನಿಂದ ಸುರಿಯುವ ಮಳೆಯಲ್ಲಿ ಮೊಟ್ಟೆ ಉಳಿದರೂ ಮರಿ ಉಳಿಸುವುದು ಕಷ್ಟ. ಕಾಸರಗೋಡಿನಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುತ್ತದೆ, ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ನೆಲ ಒಣಗುವುದೇ ಇಲ್ಲ. ಮೊದಲ ಸಲ ಮಾಡುವವರು ದೀಪಾವಳಿಯ ಆಸುಪಾಸಿನಿಂದ ಫೆಬ್ರವರಿಯೊಳಗೆ ಮಾಡಿ.

ಗೂಡು, ಲೆಕ್ಕ, ಕೂರಿಸುವುದು

ಹೇಂಟೆ ತಿರುಗಿ ಕೂರುವಷ್ಟು ಅಗಲದ ಬುಟ್ಟಿ ಸಾಕು. ಅಡಿಗೆ ಉಮಿ, ಮೇಲೆ ಬೈಹುಲ್ಲು, ನಡುವೆ ಅಂಗೈಯಲ್ಲಿ ಒತ್ತಿ ಸ್ವಲ್ಪ ತಗ್ಗು ಮಾಡಿ. ತಗ್ಗು ಆಳವಾದರೆ ಮೊಟ್ಟೆಗಳು ಒಂದರ ಮೇಲೊಂದು ಬೀಳುತ್ತವೆ. ಬೇರೆ ಕೋಳಿಗಳು ಬಾರದ, ಅರೆಗತ್ತಲೆಯ ಮೂಲೆ ನೋಡಿ ಇಡಿ. ಕೀರಿ, ಹೆಗ್ಗಣ, ಹಾವು, ಬೆಕ್ಕು ಒಳಗೆ ಬಾರದಂತೆ ಸಣ್ಣ ಕಣ್ಣಿನ ಬಲೆಯ ಬಾಗಿಲಿರಲಿ.

ಇವೆಲ್ಲಕ್ಕಿಂತ ಉಪದ್ರ ಕೊಡುವುದು ಇರುವೆ. ಚಿಪ್ಪು ಒಡೆದು ಹಸಿಯಾಗಿ ಬಿದ್ದ ಮರಿಯನ್ನು ಕೆಂಪಿರುವೆ ಮುತ್ತಿದರೆ ಉಳಿಯುವುದಿಲ್ಲ. ಬುಟ್ಟಿಯನ್ನು ಒಂದು ಸ್ಟೂಲಿನ ಮೇಲಿಟ್ಟು ಅದರ ನಾಲ್ಕು ಕಾಲುಗಳನ್ನು ನೀರು ತುಂಬಿದ ಗೆರಟೆಯೊಳಗೆ ನಿಲ್ಲಿಸಿ. ನೀರು ಆರದಂತೆ ದಿನಾ ನೋಡಿಕೊಳ್ಳಿ. ಮರಿ ಒಡೆಯುವ ಹೊತ್ತಿಗೆ ಬುಟ್ಟಿಯನ್ನು ನೆಲಕ್ಕಿಳಿಸಬೇಡಿ, ಒಡೆದು ಮುಗಿದು ಮರಿ ಒಣಗಿದ ಮೇಲೆ ಇಳಿಸಿ.

ಕೂರಿಸುವ ಮೊದಲು ಹೇಂಟೆಯ ರೆಕ್ಕೆಯಡಿ, ಬಾಲದ ಬುಡ ಬಿಡಿಸಿ ನೋಡಿ. ಹೇನಿದ್ದರೆ ಮೃಗಾಸ್ಪತ್ರೆಯಲ್ಲಿ ಕೇಳಿ ಪುಡಿ ತಂದು ಹಾಕಿ. ಹೇನಿನ ಕಡಿತ ತಡೆಯಲಾರದೆ ಅರ್ಧದಲ್ಲಿ ಎದ್ದು ಹೋಗುವ ಹೇಂಟೆಗಳಿವೆ.

ನಾಟಿ ಹೇಂಟೆಗೆ 10ರಿಂದ 12 ಮೊಟ್ಟೆ ಸಾಕು. ಕೂತಾಗ ಒಂದು ಮೊಟ್ಟೆಯೂ ಗರಿಯ ಹೊರಗೆ ಕಾಣಬಾರದು. ಒಂದು ಜಾಸ್ತಿಯಾದರೆ ಒಂದೇ ತಾನೇ ಹಾಳಾಗುವುದು ಅಂತ ಅನಿಸಬಹುದು. ಹಾಗಲ್ಲ. ಹೇಂಟೆ ದಿನವೂ ಕೊಕ್ಕಿನಿಂದ ಮೊಟ್ಟೆಗಳನ್ನು ತಿರುಗಿಸಿ ನಡುವಿನದ್ದನ್ನು ಅಂಚಿಗೆ, ಅಂಚಿನದ್ದನ್ನು ನಡುವಿಗೆ ತರುತ್ತದೆ. ಹಾಗಾಗಿ ಒಂದೊಂದು ದಿನ ಒಂದೊಂದು ಮೊಟ್ಟೆ ಹೊರಗೆ ಉಳಿದು ತಣ್ಣಗಾಗುತ್ತದೆ.

ಎಲ್ಲ ಮೊಟ್ಟೆಗಳಿಗೂ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆಯಿರಿ. ಆಮೇಲೆ ಬೇರೆ ಕೋಳಿ ಬಂದು ಅಲ್ಲೇ ಇಟ್ಟರೆ ಗೆರೆ ಇಲ್ಲದ್ದನ್ನು ತೆಗೆದರಾಯಿತು. ಎಲ್ಲವನ್ನೂ ಒಂದೇ ರಾತ್ರಿ ಇಡಿ. ಇವತ್ತು ನಾಲ್ಕು, ನಾಡಿದ್ದು ಆರು ಅಂತ ಕೊಟ್ಟರೆ ಮೊದಲಿನ ಮರಿ ಬಂದ ಕೂಡಲೇ ತಾಯಿ ಎದ್ದು ಹೋಗುತ್ತದೆ, ಉಳಿದವು ಸಾಯುತ್ತವೆ. ಜಾಗ ಬದಲಿಸುವುದಿದ್ದರೂ ಕತ್ತಲೆಯಾದ ಮೇಲೆಯೇ ಮಾಡಿ. ರಾತ್ರಿ ಕೋಳಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ಬೆಳಗಾಗುವಾಗ ಹೊಸ ಜಾಗಕ್ಕೆ ಹೊಂದಿಕೊಂಡಿರುತ್ತದೆ.

21 ದಿನ

ಹೇಂಟೆಯ ಮೈ ಬಿಸಿ ಸುಮಾರು 41 ಡಿಗ್ರಿ. ಮೊಟ್ಟೆಗೆ ಬೇಕಾದ್ದು 37.5ರ ಆಸುಪಾಸು. ಅದನ್ನು ಹೇಂಟೆಯೇ ಸರಿದೂಗಿಸಿಕೊಳ್ಳುತ್ತದೆ. ನಮ್ಮ ಕೆಲಸ ದಿನಕ್ಕೊಮ್ಮೆ ಅದು ಎದ್ದು ಬರುವಾಗ ಅಕ್ಕಿ, ಭತ್ತ ಅಥವಾ ಜೋಳದ ಕಾಳು, ಶುದ್ಧ ನೀರು, ಹೊರಳಾಡಲು ಸ್ವಲ್ಪ ಬೂದಿ ಬೆರೆಸಿದ ಒಣ ಮಣ್ಣು ತಯಾರಿಟ್ಟಿರುವುದು. 15-20 ನಿಮಿಷದಲ್ಲಿ ತಿಂದು, ಕುಡಿದು, ದೊಡ್ಡ ನಾರುವ ಹಿಕ್ಕೆ ಹಾಕಿ ವಾಪಸಾಗುತ್ತದೆ. ಅಷ್ಟು ಹೊತ್ತಿಗೆ ಮೊಟ್ಟೆ ಕೆಡುವುದಿಲ್ಲ.

ಕೆಲವು ಹೇಂಟೆ ಎದ್ದೇಳುವುದೇ ಇಲ್ಲ, ಸುಮ್ನೆ ಬಡವಾಗುತ್ತಾ ಹೋಗುತ್ತದೆ. ಅಂಥದ್ದನ್ನು ನಾವೇ ಎಬ್ಬಿಸಬೇಕು. ಎತ್ತುವ ಮೊದಲು ಎರಡೂ ರೆಕ್ಕೆಯಡಿ ಬೆರಳು ಆಡಿಸಿ. ಅಲ್ಲಿ ಒಂದು ಮೊಟ್ಟೆ ಸಿಕ್ಕಿಕೊಂಡಿರುವುದುಂಟು. ನೋಡದೆ ಎತ್ತಿದರೆ ಅದು ಉಳಿದವುಗಳ ಮೇಲೆ ಬಿದ್ದು ಎರಡು ಮೂರು ಒಟ್ಟಿಗೆ ಒಡೆಯುತ್ತವೆ. ಒಡೆದ ರಸ ಮೆತ್ತಿದ ಹುಲ್ಲನ್ನು ಕೂಡಲೇ ಬದಲಿಸಿ.

ಏಳನೆಯ ದಿನ ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚಿನ ಮೇಲೆ ಮೊಟ್ಟೆಯ ದಪ್ಪ ತುದಿ ಇಟ್ಟು ನೋಡಿ. ಒಳಗೆ ಒಂದು ಕಪ್ಪು ಚುಕ್ಕೆ, ಅದರ ಸುತ್ತ ಜೇಡನ ಕಾಲಿನ ಹಾಗೆ ಹರಡಿದ ಕೆಂಪು ನರಗಳು ಕಂಡರೆ ಜೀವ ಇದೆ. ಪೂರ್ತಿ ತಿಳಿಯಾಗಿದ್ದರೆ ಅದು ಹುಂಜ ಸೇರದ ಮೊಟ್ಟೆ. ನರಗಳಿಲ್ಲದೆ ಬರೀ ರಕ್ತದ ಉಂಗುರ ಕಂಡರೆ ಶುರುವಾಗಿ ಸತ್ತದ್ದು. ಇವೆರಡನ್ನೂ ತೆಗೆದುಬಿಡಿ, ಇಟ್ಟರೆ ಕೊಳೆತು ಗೂಡಿನಲ್ಲೇ ಸಿಡಿಯುತ್ತದೆ. ಕಂದು ಚಿಪ್ಪಿನದ್ದು ಬೇಗ ತಿಳಿಯುವುದಿಲ್ಲ, ಸಂಶಯ ಇದ್ದರೆ ಹದಿನಾಲ್ಕನೆಯ ದಿನ ಇನ್ನೊಮ್ಮೆ ನೋಡಿ. ಹದಿನೆಂಟನೆಯ ದಿನದ ನಂತರ ಮುಟ್ಟಲೇಬೇಡಿ.

ಇಪ್ಪತ್ತನೆಯ ದಿನದ ಹೊತ್ತಿಗೆ ಕಿವಿಗೊಟ್ಟರೆ ಚಿಪ್ಪಿನೊಳಗಿಂದ ಚಿಂವ್ ಅನ್ನುವುದು ಕೇಳುತ್ತದೆ. ಹೇಂಟೆ ತಗ್ಗಿದ ದನಿಯಲ್ಲಿ ಉತ್ತರ ಕೊಡುತ್ತದೆ. ಚಿಪ್ಪಿಗೆ ಮೊದಲ ತೂತು ಬಿದ್ದ ಮೇಲೆ ಮರಿ ಹೊರಗೆ ಬರಲು 12ರಿಂದ 24 ಗಂಟೆ ಬೇಕು. ಪಾಪ ಅಂತ ಚಿಪ್ಪು ಸುಲಿಯಲು ಹೋಗಬೇಡಿ. ಒಳಪೊರೆಯಲ್ಲಿ ಇನ್ನೂ ರಕ್ತ ಓಡುತ್ತಿರುತ್ತದೆ, ಹಳದಿಯ ಭಾಗ ಹೊಟ್ಟೆಯೊಳಗೆ ಸೇರುತ್ತಾ ಇರುತ್ತದೆ. ಎಳೆದರೆ ರಕ್ತ ಸೋರಿ ಮರಿ ಸಾಯುತ್ತದೆ.

ಮರಿ ಬಂದ ಮೇಲೆ

ಹೊಟ್ಟೆಗೆ ಸೇರಿದ ಆ ಹಳದಿಯೇ ಎರಡು ದಿನದ ಊಟ. ಹಾಗಾಗಿ ಕೂಡಲೇ ತಿನ್ನಿಸಬೇಕೆಂಬ ಗಡಿಬಿಡಿ ಬೇಡ, ಉಳಿದ ಮೊಟ್ಟೆ ಒಡೆಯುವ ತನಕ ತಾಯಿ ಕೂತಿರಲಿ. ಆಮೇಲೆ ಅಗಲವಾದ ಬುಟ್ಟಿ ಕವುಚಿ ತಾಯಿಮರಿಗಳನ್ನು ಒಂದೆರಡು ವಾರ ಒಳಗೇ ಇಡಿ. ಕಾಗೆ, ಗಿಡುಗ, ಕೆಂಬೂತಗಳ ಕಣ್ಣು ಅಂಗಳದ ಮೇಲೆಯೇ ಇರುತ್ತದೆ. ನೀರಿನ ತಟ್ಟೆಗೆ ನಾಲ್ಕು ಕಲ್ಲು ಹಾಕಿ, ಇಲ್ಲವಾದರೆ ಮರಿ ಮುಳುಗುತ್ತದೆ. ಮರಿಗಳಿಗೆಂದೇ ಸಿಗುವ ಸ್ಟಾರ್ಟರ್ ಆಹಾರ ಕೊಟ್ಟರೆ ಬೆಳವಣಿಗೆ ಚೆನ್ನಾಗಿರುತ್ತದೆ. ಬರೀ ನುಚ್ಚಿನಲ್ಲಿ ಪ್ರೋಟೀನು ಸಾಲದು. ಗೆದ್ದಲು ಸಿಕ್ಕಿದರೆ ಕೊಡಿ, ತಾಯಿ ಒಂದೊಂದೇ ಎತ್ತಿ ಹಾಕಿ ಮರಿಗಳನ್ನು ಕರೆಯುತ್ತದೆ.

ಐದರಿಂದ ಏಳನೆಯ ದಿನದೊಳಗೆ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ಹಾಕಿಸಲೇಬೇಕು. ಕಣ್ಣಿಗೆ ಅಥವಾ ಮೂಗಿಗೆ ಒಂದೇ ಹನಿ. ಈ ರೋಗ ಬಂದರೆ ಮದ್ದಿಲ್ಲ, ಗೂಡೇ ಖಾಲಿಯಾಗುತ್ತದೆ. ಲಸಿಕೆಯ ಒಂದು ಬಾಟಲಿ ನೂರು ಮರಿಗಾಗುವಷ್ಟು ಇರುತ್ತದೆ, ಕಲಸಿದ ಮೇಲೆ ಹೆಚ್ಚು ಹೊತ್ತು ಇಡುವಂತಿಲ್ಲ. ಅಕ್ಕಪಕ್ಕದ ಮನೆಯವರು ಒಟ್ಟಾಗಿ ದಿನ ಗೊತ್ತು ಮಾಡಿ ಪಂಚಾಯತಿನ ಮೃಗಾಸ್ಪತ್ರೆಯಲ್ಲಿ ಮೊದಲೇ ಹೇಳಿಡಿ. ಎಂಟು ವಾರ ತುಂಬಿದ ಮೇಲೆ ಅದೇ ರೋಗಕ್ಕೆ ಇನ್ನೊಂದು ಚುಚ್ಚುಮದ್ದಿದೆ. ಹೆಚ್ಚುಕಡಿಮೆ ಅದೇ ಹೊತ್ತಿಗೆ ತಾಯಿ ಮರಿಗಳನ್ನು ಕುಕ್ಕಿ ದೂರ ಮಾಡಲು ಶುರು ಮಾಡುತ್ತದೆ. ಆಗ ರಾತ್ರಿ ಮರಿಗಳಿಗೆ ಬೇರೆ ಗೂಡು ಮಾಡಿಕೊಡಿ.