ಹುಳುವಿಗೆ ಆರ್‌ಎನ್‌ಎ ಉಣಿಸಿ ಜೀನಿನ ಸದ್ದಡಗಿಸುವುದು, ಪ್ರೋಟೀನ್ ಗಂಟು ಎಣಿಸುವುದು

ಜೋಡಿ ಎಳೆಯ ಆರ್‌ಎನ್‌ಎ ತನ್ನದೇ ಅನುಕ್ರಮದ ಜೀನಿನ ಸದ್ದಡಗಿಸುತ್ತದೆ ಎಂದು ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೊ 1998ರಲ್ಲಿ ತೋರಿಸಿದ್ದು ಒಂದು ಮಿಲಿಮೀಟರ್ ಉದ್ದದ ಸಿ. ಎಲೆಗನ್ಸ್ ಹುಳುವಿನಲ್ಲಿ. 2006ರ ನೊಬೆಲ್ ಬಂದದ್ದು ಆ ಕೆಲಸಕ್ಕೇ. ಹಂಟಿಂಗ್ಟನ್‌ನಂಥ ಕಾಯಿಲೆಯಲ್ಲಿ ಉದ್ದ ಗ್ಲುಟಮಿನ್ ಸರಪಳಿಯ ಪ್ರೋಟೀನ್ ಗಂಟು ಕಟ್ಟುತ್ತದೆ. ಯಾವ ಜೀನ್ ಆ ಗಂಟನ್ನು ತಡೆದು ಹಿಡಿದಿದೆ ಎಂದು ಹುಡುಕಲು ಇದೇ ಹುಳು ಸಾಕು. ಜೋಡಿ ಎಳೆಯ ಆರ್‌ಎನ್‌ಎ ತಯಾರಿಸುವ ಬ್ಯಾಕ್ಟೀರಿಯಾವನ್ನು ಹುಳುವಿಗೆ ಉಣಿಸಿದರೆ ಆ ಜೀನ್ ಅಡಗುತ್ತದೆ. 2004ರಲ್ಲಿ ಇಡೀ ಜೀನೋಮನ್ನು ಹೀಗೆ ಒಂದೊಂದೇ ಜೀನ್ ಅಡಗಿಸಿ ಜಾಲಾಡಿದಾಗ ಅಂಥ 186 ಜೀನ್‌ಗಳು ಸಿಕ್ಕವು.

ಎಎಮ್141 ತಳಿ ತರಿಸಿಕೊಳ್ಳಿ. ಇದರ ಸ್ನಾಯುಗಳಲ್ಲಿ 40 ಗ್ಲುಟಮಿನ್‌ಗೆ ಹಳದಿಯಾಗಿ ಹೊಳೆಯುವ ಪ್ರೋಟೀನ್ ಅಂಟಿಸಿದೆ. ಎಳೆ ಮರಿಯಲ್ಲಿ ಹಳದಿ ಬೆಳಕು ಸ್ನಾಯುವಿನುದ್ದಕ್ಕೂ ಹಾಲಿನಂತೆ ಹರಡಿರುತ್ತದೆ. ಹುಳು ಬೆಳೆದಂತೆ ಅದು ಒಡೆದು, ಸಾಸಿವೆ ಚೆಲ್ಲಿದಂತೆ ಚೂಪಾದ ಚುಕ್ಕೆಗಳಾಗುತ್ತದೆ.

ಪ್ಲೇಟ್‌ಗೆ: 1 ಲೀಟರ್‌ಗೆ ಉಪ್ಪು 3 ಗ್ರಾಂ, ಪೆಪ್ಟೋನ್ 2.5 ಗ್ರಾಂ, ಅಗರ್ 17 ಗ್ರಾಂ, ನೀರು 975 ಮಿ.ಲೀ. ಆಟೋಕ್ಲೇವ್ ಮಾಡಿ 55 ಡಿಗ್ರಿಗೆ ತಣಿಸಿ. ಆಮೇಲೆ 1 ಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ 1 ಮಿ.ಲೀ., 1 ಮೋಲಾರ್ ಮೆಗ್ನೀಸಿಯಂ ಸಲ್ಫೇಟ್ 1 ಮಿ.ಲೀ., ಮಿ.ಲೀ.ಗೆ 5 ಮಿಲಿಗ್ರಾಂ ಕೊಲೆಸ್ಟರಾಲ್ ಇರುವ ಎಥನಾಲ್ 1 ಮಿ.ಲೀ., ಪಿಎಚ್ 6ರ 1 ಮೋಲಾರ್ ಪೊಟ್ಯಾಸಿಯಂ ಫಾಸ್ಫೇಟ್ 25 ಮಿ.ಲೀ. ಸೇರಿಸಿ. ಕೊನೆಗೆ ಕಾರ್ಬೆನಿಸಿಲಿನ್ ಎಂಬ ಆಂಟಿಬಯೋಟಿಕ್ (ಮಿ.ಲೀ.ಗೆ 25 ಮೈಕ್ರೋಗ್ರಾಂ) ಮತ್ತು ಬ್ಯಾಕ್ಟೀರಿಯಾದಲ್ಲಿ ಆರ್‌ಎನ್‌ಎ ತಯಾರಿಕೆ ಶುರು ಮಾಡಿಸುವ ಐಪಿಟಿಜಿ (1 ಮಿಲಿಮೋಲಾರ್). ಇವೆರಡನ್ನೂ ಇದಕ್ಕಿಂತ ಬಿಸಿಯಾದ ಅಗರ್‌ಗೆ ಸುರಿದರೆ ಕೆಡಬಹುದು. ಪ್ಲೇಟ್‌ಗಳನ್ನು ಕತ್ತಲಲ್ಲಿ, 4 ಡಿಗ್ರಿಯಲ್ಲಿ ಇಟ್ಟು ಬೇಗ ಬಳಸಿ. ಹಳೇ ಪ್ಲೇಟ್‌ನಲ್ಲಿ ಐಪಿಟಿಜಿ ಸತ್ತಿರುತ್ತದೆ, ಬ್ಯಾಕ್ಟೀರಿಯಾ ಮಾತ್ರ ಸೊಂಪಾಗಿ ಬೆಳೆದಿರುತ್ತದೆ. ಕಣ್ಣಿಗೆ ಎಲ್ಲ ಸರಿಯಾಗಿಯೇ ಕಾಣುವುದರಿಂದ ಈ ತಪ್ಪು ಬಹಳ ದಿನ ತಿನ್ನುತ್ತದೆ.

ಉಣಿಸುವ ಬ್ಯಾಕ್ಟೀರಿಯಾ ಎಚ್‌ಟಿ115. ಜೋಡಿ ಎಳೆಯ ಆರ್‌ಎನ್‌ಎ ಕತ್ತರಿಸುವ ಆರ್‌ಎನ್ಏಸ್-3 ಅದರಲ್ಲಿಲ್ಲ, ಆದ್ದರಿಂದಲೇ ಅದು ಇರುವ ಸಾಮಾನ್ಯ ತಳಿ ನಡೆಯದು. ಗುರಿ ಜೀನಿನ ತುಣುಕು ಎಲ್4440 ಪ್ಲಾಸ್ಮಿಡ್‌ನಲ್ಲಿ (ಬ್ಯಾಕ್ಟೀರಿಯಾದೊಳಗಿನ ಚಿಕ್ಕ ಡಿಎನ್‌ಎ ಉಂಗುರ), ಎದುರುಬದುರಾದ ಎರಡು ಟಿ7 ಪ್ರೊಮೋಟರ್‌ಗಳ (ಆರ್‌ಎನ್‌ಎ ಬರೆಯುವುದು ಶುರುವಾಗುವ ಜಾಗ) ನಡುವೆ ಇರುತ್ತದೆ. ಒಂದೇ ಕಾಲನಿಯನ್ನು ಆಂಪಿಸಿಲಿನ್ ಹಾಕಿದ ಎಲ್‌ಬಿ ಎಂಬ ಪೋಷಕ ದ್ರವದಲ್ಲಿ 37 ಡಿಗ್ರಿಯಲ್ಲಿ ರಾತ್ರಿಯಿಡೀ ಬೆಳೆಸಿ, 6 ಸೆಂ.ಮೀ. ಪ್ಲೇಟ್‌ಗೆ 150 ಮೈಕ್ರೋಲೀಟರ್ ಹಾಕಿ, ಇನ್ನೊಂದು ರಾತ್ರಿ ಕೋಣೆಯ ಉಷ್ಣತೆಯಲ್ಲಿ ಬಿಡಿ. ಸಿದ್ಧ ಸಂಗ್ರಹದಿಂದ (ಲೈಬ್ರರಿ) ತಂದ ಕ್ಲೋನ್ ಆದರೆ ಮೊದಲು ಸೀಕ್ವೆನ್ಸ್ ಮಾಡಿಸಿ. ಹೆಸರೊಂದು, ಒಳಗಿರುವ ಜೀನ್ ಇನ್ನೊಂದು ಆಗಿರುವುದುಂಟು.

ಹುಳುಗಳೆಲ್ಲ ಒಂದೇ ವಯಸ್ಸಿನವಾಗಿರಬೇಕು. ಮೊಟ್ಟೆ ತುಂಬಿದ ಹುಳುಗಳಿರುವ 3.5 ಮಿ.ಲೀ. ನೀರಿಗೆ 1 ಮಿ.ಲೀ. ಬ್ಲೀಚ್, 5 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್ 0.5 ಮಿ.ಲೀ. ಹಾಕಿ ಕುಲುಕುತ್ತಿರಿ. ತಾಯಿ ಹುಳುಗಳ ಮೈ ತುಂಡಾದ ಕೂಡಲೇ ನಿಲ್ಲಿಸಿ, ಇಲ್ಲದಿದ್ದರೆ ಮೊಟ್ಟೆಯೂ ಸಾಯುತ್ತದೆ. ಎಂ9 ಎಂಬ ಲವಣದ ದ್ರಾವಣದಲ್ಲಿ ಮೂರು ಸಲ ತೊಳೆದು ಆಹಾರವಿಲ್ಲದೆ ರಾತ್ರಿ ಬಿಟ್ಟರೆ ಮರಿಗಳು ಮೊದಲ ಹಂತದಲ್ಲೇ ನಿಂತು ಕಾಯುತ್ತವೆ. ಪ್ಲೇಟ್‌ಗೆ ಸುಮಾರು 50 ಮರಿ, 20 ಡಿಗ್ರಿ. ಈ ತೊಳೆತದಿಂದ ಇನ್ನೊಂದು ಲಾಭವಿದೆ: ಹಳೇ ಪ್ಲೇಟ್‌ನ ಓಪಿ50 ಬ್ಯಾಕ್ಟೀರಿಯಾ (ಹುಳುವಿನ ಮಾಮೂಲಿ ಆಹಾರ) ಹೊಸ ಪ್ಲೇಟ್‌ಗೆ ಬರುವುದಿಲ್ಲ.

ಪ್ರತಿ ಸಲವೂ ಮೂರು ಕಂಟ್ರೋಲ್ ಬೇಕೇ ಬೇಕು. ಖಾಲಿ ಎಲ್4440 ಒಂದು. ಎರಡನೆಯದು ಅಂಕ್-22: ಇದು ಸ್ನಾಯುವಿನ ಜೀನ್, ಅಡಗಿದರೆ ಹುಳು ಚಳಿ ಹತ್ತಿದಂತೆ ನಿಂತಲ್ಲೇ ಅದುರುತ್ತದೆ. ಅದುರದಿದ್ದರೆ ಆ ದಿನದ ಪ್ಲೇಟ್‌ಗಳನ್ನೆಲ್ಲ ಎಸೆಯಿರಿ, ಎಣಿಸಲು ಕೂರಬೇಡಿ. ಮೂರನೆಯದು ಎಚ್‌ಎಸ್‌ಎಫ್-1: ಪ್ರೋಟೀನ್‌ಗಳನ್ನು ಸರಿಯಾಗಿ ಮಡಚುವ ವ್ಯವಸ್ಥೆಯ ಯಜಮಾನ ಇದು, ಅಡಗಿಸಿದರೆ ಚುಕ್ಕೆ ಬೇಗ ಬರಬೇಕು.

ಎಣಿಸುವಾಗ ಹುಳುವನ್ನು ಲೆವಮಿಸೋಲ್‌ನಲ್ಲಿ ನಿಶ್ಚಲಗೊಳಿಸಿ. ಗುಂಪಿಗೆ ಕನಿಷ್ಠ 20 ಹುಳು, ಮೂರು ಬೇರೆ ಬೇರೆ ಸಲ, ಪ್ಲೇಟ್‌ನ ಹೆಸರು ಮುಚ್ಚಿ. ಅತಿ ದೊಡ್ಡ ಮೋಸ ಇಲ್ಲಿದೆ. ಎಷ್ಟೋ ಜೀನ್ ಅಡಗಿಸಿದರೆ ಹುಳು ನಿಧಾನ ಬೆಳೆಯುತ್ತದೆ. ಮೂರನೇ ದಿನ ಅದರಲ್ಲಿ ಚುಕ್ಕೆ ಕಡಿಮೆ ಕಂಡರೆ ಅದು ರಕ್ಷಣೆಯಲ್ಲ, ಹುಳು ಇನ್ನೂ ಮರಿ, ಅಷ್ಟೇ. ಆದ್ದರಿಂದ ಗಡಿಯಾರ ನೋಡಿ ಎಣಿಸಬೇಡಿ; ಯೋನಿರಂಧ್ರದ ಆಕಾರ, ಒಳಗಿನ ಮೊಟ್ಟೆ ನೋಡಿ ಹಂತಕ್ಕೆ ಹಂತ ಹೋಲಿಸಿ. ಹಳದಿ ಪ್ರೋಟೀನಿನ ಒಟ್ಟು ಪ್ರಮಾಣವನ್ನೂ ವೆಸ್ಟರ್ನ್ ಬ್ಲಾಟ್‌ನಲ್ಲಿ ನೋಡಲೇಬೇಕು. ಪ್ರೋಟೀನೇ ಕಡಿಮೆ ತಯಾರಾಗಿದ್ದರೆ ಗಂಟು ಕಡಿಮೆಯಾದದ್ದರಲ್ಲಿ ಹೊಸ ವಿಷಯವೇನೂ ಇಲ್ಲ.

ಜೀನ್ ಎಷ್ಟು ಅಡಗಿತೆಂದು ಕ್ಯೂಪಿಸಿಆರ್‌ನಲ್ಲಿ ಅಳೆಯುವಾಗ ಪ್ರೈಮರ್‌ಗಳು ಪ್ಲಾಸ್ಮಿಡ್‌ಗೆ ಹಾಕಿದ ತುಣುಕಿನ ಹೊರಗಿರಲಿ. ಒಳಗಿದ್ದರೆ ಹುಳುವಿನ ಕರುಳಲ್ಲಿರುವ ಬ್ಯಾಕ್ಟೀರಿಯಾದ ಆರ್‌ಎನ್‌ಎಯನ್ನೇ ಅಳೆದು, ಜೀನ್ ಹೆಚ್ಚಾಗಿದೆ ಎಂಬ ಉತ್ತರ ಬರುತ್ತದೆ.

ಮಿದುಳಿನ ಕಾಯಿಲೆಗೆ ಸ್ನಾಯು ಏಕೆ ಎಂದರೆ, ಈ ಹುಳುವಿನ ನರಕೋಶ ಉಣಿಸಿದ ಆರ್‌ಎನ್‌ಎಗೆ ಅಷ್ಟಾಗಿ ಜಗ್ಗುವುದಿಲ್ಲ. ಆರ್‌ಎನ್‌ಎಯನ್ನು ಒಳಗೆ ಬಿಡುವ ಸಿಡ್-1 ಎಂಬ ಬಾಗಿಲು ಅಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ನರದಲ್ಲೇ ನೋಡಬೇಕಿದ್ದರೆ ನರಕ್ಕೆ ಮಾತ್ರ ಸಿಡ್-1 ಕೊಟ್ಟ ಟಿಯು3401 ತಳಿಯೊಂದಿಗೆ ಗಂಟು ಕಟ್ಟುವ ಪ್ರೋಟೀನ್ ನರದಲ್ಲೇ ಇರುವ ತಳಿಯನ್ನು ಕ್ರಾಸ್ ಮಾಡಿ. ಆಗ ಅಂಕ್-22 ಕಂಟ್ರೋಲ್ ಕೆಲಸಕ್ಕೆ ಬಾರದು. ಅದರ ಜಾಗಕ್ಕೆ ಅಂಕ್-13ರಂಥ ನರದ ಜೀನ್ ಹಾಕಿ, ಹುಳು ತೆವಳಲಾರದೆ ಬೀಳುತ್ತದೆಯೇ ನೋಡಿ.