ಸಿಂಕ್‌ನಿಂದ ದೂರ ಡಿಶ್‌ವಾಷರ್‌: ಮೊದಲು ಕೊಳೆ ನೀರಿನ ದಾರಿ ನೋಡಿ

ಸಿಂಕ್‌ ಪಕ್ಕ ಜಾಗವಿಲ್ಲದೆ ಪುಟ್ಟ ಡಿಶ್‌ವಾಷರ್‌ ಅನ್ನು ಬೇರೆಡೆ ಇಡಲು ಹೊರಟವರು ಮೊದಲು ಹುಡುಕುವುದು ನಲ್ಲಿಯನ್ನು. ಹುಡುಕಬೇಕಾದದ್ದು ಡ್ರೈನ್‌. ಒಳಬರುವ ನೀರಿಗೆ ಒತ್ತಡವಿರುತ್ತದೆ, ಪೈಪ್‌ ಎಳೆದಲ್ಲಿಗೆ ಬರುತ್ತದೆ. ಕೊಳೆ ನೀರನ್ನು ಹೊರದಬ್ಬುವುದು ಯಂತ್ರದೊಳಗಿನ ಸಣ್ಣ ಪಂಪ್‌, ಅದಕ್ಕೆ ಮಿತಿಯಿದೆ. ಎಷ್ಟು ಎತ್ತರಕ್ಕೆ, ಎಷ್ಟು ದೂರಕ್ಕೆ ಎಂಬುದು ಕೈಪಿಡಿಯಲ್ಲಿರುತ್ತದೆ. ಗೋಡೆ ಕೊರೆಯುವ ಮುನ್ನ ಆ ಪುಟ ಓದಿ.

ಡ್ರೈನ್‌ ದೂರವಿದ್ದರೆ ಯಂತ್ರದ ಹೋಸ್‌ಗೆ ತುಂಡು ಸೇರಿಸುತ್ತಾ ಹೋಗಬೇಡಿ. ಬದಲಿಗೆ ಡ್ರೈನ್‌ ಅನ್ನೇ ಯಂತ್ರದ ಹತ್ತಿರಕ್ಕೆ ತನ್ನಿ. 40 ಮಿ.ಮೀ. ಪೈಪ್‌ ಅನ್ನು ನೆಟ್ಟಗೆ ನಿಲ್ಲಿಸಿ, ಬುಡದಲ್ಲಿ ದುರ್ವಾಸನೆ ತಡೆಯುವ ಟ್ರ್ಯಾಪ್‌ ಹಾಕಿಸಿ, ಅಲ್ಲಿಂದ ಮುಂದೆ ಮೀಟರ್‌ಗೆ ಸುಮಾರು 2 ಸೆಂ.ಮೀ. ಇಳಿಜಾರು ಕೊಡಿಸಿ. ಹೋಸ್‌ನ ತುದಿಯನ್ನು ಈ ಪೈಪಿನ ಬಾಯೊಳಗೆ ಇಳಿಬಿಟ್ಟು, ಜಾರದಂತೆ ಕ್ಲಿಪ್‌ ಹಾಕಿ. ಸುತ್ತ ಸಂದು ಇರಲಿ, ಅದನ್ನು ಟೇಪ್‌ ಸುತ್ತಿ ಮುಚ್ಚಬೇಡಿ. ಗಾಳಿಯಾಡದಿದ್ದರೆ ಪೈಪ್‌ ತಾನಾಗಿಯೇ ನೀರನ್ನು ಹೀರಿಕೊಂಡು (ಇದೇ ಸೈಫನ್‌), ತೊಳೆಯುತ್ತಿರುವಾಗಲೇ ನೀರೆಲ್ಲ ಸೋರಿಹೋಗಬಹುದು. ತುದಿ ಟ್ರ್ಯಾಪ್‌ನಲ್ಲಿ ನಿಂತ ನೀರಿಗೆ ತಾಗಲೂಬಾರದು.

ನೀರಿನ ಸಂಪರ್ಕ ಸರಳ. ಯಂತ್ರಕ್ಕೆಂದೇ ಒಂದು ನಲ್ಲಿ, ಕೈಗೆಟುಕುವಂತೆ ಇರಲಿ. ನೀರು ತರುವ ಹೆಚ್ಚಿನ ಹೋಸ್‌ಗಳಿಗೆ ಮುಕ್ಕಾಲು ಇಂಚಿನ ತಿರುಪು ಹೊಂದುತ್ತದೆ. ಹೊಸ ಪೈಪಿನ ನೀರನ್ನು ಮೊದಲು ಒಂದಿಷ್ಟು ಬಕೆಟ್‌ಗೆ ಬಿಟ್ಟುಬಿಡಿ. ಒಳಗುಳಿದ ಮರಳು, ಪ್ಲಾಸ್ಟಿಕ್‌ ಚೂರು ಯಂತ್ರದ ಜಾಲರಿಗೆ ಕಟ್ಟಿಕೊಳ್ಳುತ್ತವೆ. ಹೋಸ್‌ನ ನಟ್‌ಗೆ ಟೆಫ್ಲಾನ್‌ ಟೇಪ್‌ ಬೇಕಿಲ್ಲ, ನೀರು ತಡೆಯುವುದು ಒಳಗಿನ ರಬ್ಬರ್‌ ವಾಷರ್‌. ಕೈಯಲ್ಲಿ ಬಿಗಿ ಮಾಡಿ, ಮೇಲೆ ಸ್ವಲ್ಪವೇ ಸ್ಪ್ಯಾನರ್‌ ತಿರುಗಿಸಿ. ಅತಿಯಾಗಿ ಬಿಗಿದರೆ ವಾಷರ್‌ ಹಾಳಾಗುತ್ತದೆ. ಸೋರಿಕೆ ತಡೆಯುವ ದಪ್ಪ ಹೋಸ್‌ಗಳಲ್ಲಿ ಕೆಲವಕ್ಕೆ ಒಳಗೆ ವಿದ್ಯುತ್‌ ತಂತಿ ಇರುತ್ತದೆ. ಅವನ್ನು ಎಂದಿಗೂ ಕತ್ತರಿಸಬಾರದು.

ನೀರು ಕಾಯಿಸುವ ಯಂತ್ರವಾದ್ದರಿಂದ ವಿದ್ಯುತ್‌ ಜೋರಾಗಿಯೇ ಬೇಕು. ಅರ್ಥಿಂಗ್‌ ಇರುವ ಪ್ರತ್ಯೇಕ ಸಾಕೆಟ್‌ ಅನ್ನು ಎಲೆಕ್ಟ್ರಿಷಿಯನ್‌ ಕೈಯಲ್ಲೇ ಹಾಕಿಸಿ. ಸಾಕೆಟ್‌ ಯಂತ್ರದ ಬದಿಗಿರಲಿ, ನೀರಿನ ಜೋಡಣೆಗಳ ಕೆಳಗೆ ಬೇಡ. ಎಕ್ಸ್‌ಟೆನ್ಷನ್‌ ಬೋರ್ಡ್‌ ಖಂಡಿತ ಬೇಡ.

ಯಂತ್ರ ಕೂರುವ ಮೇಜು ಅಥವಾ ಕಟ್ಟೆ ಪಾತ್ರೆ, ನೀರು ಎಲ್ಲ ಸೇರಿದ ಭಾರ ಹೊರುವಂತಿರಬೇಕು. ಬಾಗಿಲು ಪೂರ್ತಿ ತೆರೆದುಕೊಳ್ಳಲು ಮುಂದೆ ಜಾಗ ಬಿಡಿ, ರಸಮಟ್ಟ ಇಟ್ಟು ಸಮ ಮಾಡಿ.

ಇನ್ನು ಪಾತ್ರೆ ಹಾಕದೆ ಒಮ್ಮೆ ಓಡಿಸಿ. ಪ್ರತಿ ಜೋಡಣೆಯ ಕೆಳಗೂ ಒಣ ಕಾಗದ ಹಾಸಿ. ಒಂದು ಹನಿ ಬಿದ್ದರೂ ಕಾಣುತ್ತದೆ. ನೀರು ಹೊರಹೋಗುವ ಹೊತ್ತಿಗೆ ಅಲ್ಲೇ ನಿಂತು, ನೆಟ್ಟ ಪೈಪ್‌ ಉಕ್ಕುತ್ತದೆಯೇ ಎಂದು ನೋಡಿ. ಕೊನೆಗೆ ಯಂತ್ರದ ತಳದಲ್ಲಿ ಜಾಲರಿ ಮುಳುಗುವಷ್ಟು ನೀರು ಉಳಿದಿದ್ದರೆ ಕೊಳೆ ನೀರಿನ ಹೋಸ್‌ ಎಲ್ಲೋ ಮಡಚಿಕೊಂಡಿರಬಹುದು, ಇಲ್ಲವೇ ಪಂಪಿನ ಮಿತಿಗಿಂತ ಎತ್ತರದಲ್ಲಿರಬಹುದು.